ಪುಸ್ತಕದ ಕಾಡು, ಕಣ್ಣೆದುರಿನ ಕಾಡು

ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಮೂಲೆಯಲ್ಲಿ, ಕೊಡಗಿನ ಬೆಟ್ಟಗಳಿಗೆ ಒರಗಿಕೊಂಡಂತೆ ಸುಳ್ಯದ ಸೀಮೆ ಹಬ್ಬಿದೆ. ಇಲ್ಲಿ ಹರಿಯುವ ಪಯಸ್ವಿನಿ ಚಂದ್ರಗಿರಿಯೆಂಬ ಹೆಸರು ತಾಳಿ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಕುಮಾರಪರ್ವತದ ಕಡೆಯಿಂದ ಇಳಿದು ಬರುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ಬಳಸಿಕೊಂಡು ಮುಂದೆ ಸಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡು ಇದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ನವರಾತ್ರಿ ಬಂದಿರುತ್ತದೆ. ಹಿಂದಿನ ಕಾಲದಲ್ಲಿ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ಕೊಚ್ಚಿಹೋದರೆ ಎಷ್ಟೋ ಮನೆಗಳಿಗೆ ಹೊರಗಿನ ಪ್ರಪಂಚದ ಸಂಪರ್ಕವೇ ಕಡಿದುಹೋಗುತ್ತಿತ್ತು. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಆಟವೂ ಇಲ್ಲ, ಜಾತ್ರೆಯೂ ಇಲ್ಲ. ಆಗ ಚಾವಡಿಯಲ್ಲಿ ಪುಸ್ತಕ ಹೊರಬರುತ್ತಿತ್ತು. ಗದುಗಿನ ಭಾರತವೋ, ಜೈಮಿನಿ ಭಾರತವೋ, ತೊರವೆ ರಾಮಾಯಣವೋ, ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೆಲವು ಮನೆಗಳಲ್ಲಿ ತಾಳಮದ್ದಳೆ. ಈ ಸೀಮೆಯ ಓದಿನ ರುಚಿ ಮಳೆಯ ಸದ್ದಿನೊಳಗೆ ಬೆಳೆದ ರುಚಿ.

ಹೀಗೆ ಓದುತ್ತಿದ್ದವರ ಪುಸ್ತಕದಲ್ಲಿ ಕಾಡು ಇತ್ತು. ಮನೆಯ ಹಿತ್ತಲಿನಾಚೆಗೂ ಕಾಡು ಇತ್ತು. ಆದರೆ ಇವೆರಡೂ ಒಂದೇ ಕಾಡಾಗಿರಲಿಲ್ಲ. ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರಬೇಕೆಂದು ಹಳೆಯ ಲಾಕ್ಷಣಿಕರು ವಿಧಿಸಿದ್ದರು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ, ಜಲಕ್ರೀಡೆ ಮುಂತಾದುವು ಆ ಪಟ್ಟಿಯಲ್ಲಿದ್ದುವು. ಇದರಿಂದಾಗಿ ಕಡಲನ್ನು ಕಾಣದ ಕವಿಯೂ ಕಡಲನ್ನು ವರ್ಣಿಸಬೇಕಾಯಿತು. ಯಾವ ಬೆಟ್ಟವಾದರೂ ಅಲ್ಲಿ ಆನೆ, ಸಿಂಹ, ಕಿನ್ನರರು ಒಟ್ಟಿಗೇ ವಾಸಿಸಬೇಕಾಯಿತು. ಸುಳ್ಯದ ಕೃಷಿಕನು ಆನೆಯನ್ನು ಬಲ್ಲ; ಬಾಳೆಯ ತೋಟವನ್ನು ಅದು ಒಂದೇ ರಾತ್ರಿಯಲ್ಲಿ ನೆಲಸಮ ಮಾಡುವುದನ್ನು ಕಂಡವನು. ಅವನಿಗೆ ಕಾವ್ಯದ ಆನೆ ಅಲಂಕಾರದ ಆನೆಯಾಗಿಯೇ ತೋರಿದ್ದರೆ ಆಶ್ಚರ್ಯವಿಲ್ಲ. ಸಾಂಪ್ರದಾಯಿಕ ವರ್ಣನೆಗಳಲ್ಲಿ ಅನೇಕವು ಬೇಸರ ತರುವಂಥವು ಎಂಬುದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಅವುಗಳ ಪಾಂಡಿತ್ಯವನ್ನು ಮೆಚ್ಚಬಹುದು. ಅವುಗಳಲ್ಲಿ ಒದ್ದೆಯಾಗುವುದು ಕಷ್ಟ.

ಆದರೆ ಪ್ರತಿಭೆಯುಳ್ಳ ಕವಿ ನಿಯಮದ ಒಳಗೇ ಇದ್ದುಕೊಂಡು ಕಣ್ಣು ತೆರೆಯಬಲ್ಲ. ಕ್ರಿ. ಶ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ಬರೆದ ಪಂಪ, ಅರ್ಜುನನನ್ನು ತೀರ್ಥಯಾತ್ರೆಯ ನೆಪದಲ್ಲಿ ಬನವಾಸಿಗೆ ಕರೆತರುತ್ತಾನೆ. ವ್ಯಾಸಭಾರತದ ಕಥೆಗೆ ಬನವಾಸಿಯಿಂದ ಏನೂ ಆಗಬೇಕಾದುದಿಲ್ಲ, ಆಗಬೇಕಾದುದು ಕವಿಗೆ. ಅಲ್ಲಿನ ತೋಟಗಳಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿದರೂ ಸಾಕೆಂಬ ಅವನ ಹಂಬಲದಲ್ಲಿ ಯಾವ ಲಕ್ಷಣಗ್ರಂಥದ ಒತ್ತಾಯವೂ ಕಾಣುವುದಿಲ್ಲ. ಈ ಪಂಪನನ್ನು ಹೊಸಗಾಲದ ಓದುಗರಿಗೆ ಹತ್ತಿರ ತಂದವರಲ್ಲಿ ಒಬ್ಬರಾದ, 'ನಾಡೋಜ ಪಂಪ' ಎಂಬ ಗ್ರಂಥದ ಕರ್ತೃ ಮುಳಿಯ ತಿಮ್ಮಪ್ಪಯ್ಯನವರು ಇದೇ ಜಿಲ್ಲೆಯವರು ಎಂಬುದು ಸ್ಮರಣೀಯ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣನು ತನ್ನ 'ಶ್ರೀರಾಮಾಶ್ವಮೇಧ'ವನ್ನು ಮಳೆಗಾಲದ ವರ್ಣನೆಯಿಂದ ಆರಂಭಿಸುತ್ತಾನೆ. ಮಡದಿ ಕಥೆ ಕೇಳಲು ಕುಳಿತುಕೊಳ್ಳಬೇಕಾದರೆ ಹೊರಗೆ ಮಳೆ ಇರಲೇಬೇಕು; ಕರಾವಳಿಯವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುದ್ದಣನ ಮಳೆ ಪುಸ್ತಕದಿಂದ ಬಂದ ಮಳೆಯಲ್ಲ.

ಕಾಳಿದಾಸನ ಶಕುಂತಲೆಯ ವಿಷಯವೂ ಹೀಗೆಯೇ. ತಪೋವನದ ಗಿಡಗಳಿಗೆ ನೀರೆರೆಯದೆ ತಾನು ನೀರು ಕುಡಿಯದವಳು, ಅಲಂಕಾರದಲ್ಲಿ ಆಸೆಯಿದ್ದರೂ ಚಿಗುರನ್ನು ಚಿವುಟದವಳು ಎಂದು ಕಣ್ವರು ಅವಳನ್ನು ಕುರಿತು ಮರಗಳಿಗೆ ಹೇಳುತ್ತಾರೆ. ಮಗಳನ್ನು ಬೀಳ್ಕೊಡುವ ತಂದೆ ಮರಗಳ ಅಪ್ಪಣೆ ಕೇಳುವ ಆ ಸನ್ನಿವೇಶದಲ್ಲಿ ಪ್ರಕೃತಿ ಹಿನ್ನೆಲೆಯ ಪರದೆಯಾಗಿ ಉಳಿಯದೆ ಮನೆಯವರಲ್ಲಿ ಒಬ್ಬರಾಗುತ್ತದೆ. ಪಕ್ಕದ ತಮಿಳು ನಾಡಿನ ಸಂಗಂ ಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಟ್ಟ, ಕಾಡು, ಗದ್ದೆಬಯಲು, ಕಡಲ ತೀರ, ಬರಡು ಭೂಮಿ ಎಂಬ ಐದು ನೆಲಗಳನ್ನು ಅವರು ಪ್ರೇಮದ ಐದು ಅವಸ್ಥೆಗಳಿಗೆ ಹೊಂದಿಸಿಕೊಂಡರು. ಬೆಟ್ಟದ ನೆಲಕ್ಕೆ ಅವರಿಟ್ಟ ಹೆಸರು ಕುರಿಂಜಿ. ಅದು ಹನ್ನೆರಡು ವರ್ಷಗಳಿಗೊಮ್ಮೆ ಹೂಬಿಟ್ಟು ಪಶ್ಚಿಮ ಘಟ್ಟದ ಹುಲ್ಲುಗಾವಲನ್ನು ನೀಲಿಯಾಗಿಸುವ ಗಿಡದ ಹೆಸರು. ಒಂದು ಹೂವಿನ ಹೆಸರು ಹೇಳಿದೊಡನೆ ಸ್ಥಳ, ಹೊತ್ತು, ಮನಸ್ಸಿನ ಸ್ಥಿತಿ ಎಲ್ಲವೂ ಕೇಳುಗನಿಗೆ ತಿಳಿಯುತ್ತಿತ್ತೆಂದರೆ, ಅಂದಿನ ಕೇಳುಗರಿಗೆ ಆ ಗಿಡಗಳ ಪರಿಚಯ ಎಷ್ಟಿದ್ದಿರಬೇಕು!

ಪ್ರಕೃತಿಯನ್ನೇ ಮುಖ್ಯ ವಿಷಯವನ್ನಾಗಿ ಮಾಡಿಕೊಂಡ ಗದ್ಯ ಮಾತ್ರ ಈಚಿನದು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಹಕ್ಕಿ, ಹುಳು, ಹವೆಗಳನ್ನು ಕುರಿತು ಇಬ್ಬರು ಮಿತ್ರರಿಗೆ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾಗಿ ಬಂದುವು. ನೋಡುವುದಕ್ಕೆ ಒಂದೇ ತೆರನಾಗಿದ್ದ ಮೂರು ಪುಟ್ಟ ಹಕ್ಕಿಗಳನ್ನು, ಅವುಗಳ ಕೂಗು ಬೇರೆ ಬೇರೆಯಾಗಿರುವುದನ್ನು ಕೇಳಿಯೇ, ಮೂರು ಜಾತಿಗಳೆಂದು ಅವನು ಗುರುತಿಸಿದನು. ಕಾಲಡಿಯ ಎರೆಹುಳು ಭೂಮಿಗೆ ಎಷ್ಟು ಉಪಕಾರಿ ಎಂಬುದನ್ನೂ ಬರೆದನು. ಅವನ ಪುಸ್ತಕದಲ್ಲಿ ದೊಡ್ಡ ಘಟನೆಯೆಂಬುದು ಯಾವುದೂ ಇಲ್ಲ. ಒಂದು ಊರನ್ನು ಒಬ್ಬ ಮನುಷ್ಯ ಬೇಸರವಿಲ್ಲದೆ ಜೀವಮಾನವಿಡೀ ನೋಡಿದುದೇ ಅಲ್ಲಿನ ಘಟನೆ. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1845ರಿಂದ ಎರಡು ವರ್ಷ ಎರಡು ತಿಂಗಳ ಕಾಲ ವಾಲ್ಡನ್ ಎಂಬ ಕೊಳದ ಬಳಿ ಗುಡಿಸಲು ಕಟ್ಟಿಕೊಂಡು ಒಬ್ಬನೇ ಇದ್ದು, ಆ ಅನುಭವವನ್ನು 1854ರಲ್ಲಿ ಪ್ರಕಟಿಸಿದನು. ಕಾಡಿನ ಮೌನವನ್ನು ಹೊಗಳಿದ ಈ ಮಹನೀಯ, ಗುಡಿಸಲು ಕಟ್ಟುವುದಕ್ಕೆ ಮೊದಲು ಮಾಡಿದ ಕೆಲಸವೆಂದರೆ ಒಂದು ಕೊಡಲಿಯನ್ನು ಎರವಲು ತಂದು ಪೈನ್ ಮರಗಳನ್ನು ಕಡಿದದ್ದು. ಅದನ್ನು ಅವನು ಮುಚ್ಚಿಡಲಿಲ್ಲ. ಕೊಡಲಿಯನ್ನು ತಂದಾಗಿಗಿಂತ ಹರಿತಮಾಡಿ ಹಿಂದಿರುಗಿಸಿದೆನೆಂದೂ ಬರೆದಿದ್ದಾನೆ. ಈ ಕೊಡಲಿಯ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಸುಳ್ಯದ ಕಾಡಿಗೆ ಬಂದಾಗ ಅದು ಬೇಕಾಗುತ್ತದೆ.

ಸುಳ್ಯದ ಕಾಡನ್ನು ಕನ್ನಡದ ಓದುಗರೆಲ್ಲರ ಕಾಡನ್ನಾಗಿ ಮಾಡಿದವರು ಡಾ. ಕೋಟ ಶಿವರಾಮ ಕಾರಂತರು. 1902ರಲ್ಲಿ ಕಡಲ ಬದಿಯ ಕೋಟದಲ್ಲಿ ಹುಟ್ಟಿದ ಅವರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ಮುಂದೆ ಪುತ್ತೂರಿನಲ್ಲಿ ನೆಲಸಿ ಸುಮಾರು ನಾಲ್ಕು ದಶಕಗಳನ್ನು ಅಲ್ಲಿ ಕಳೆದರು. ಪರ್ಲಡ್ಕದ ಗುಡ್ಡದ ಮೇಲಿನ ಅವರ 'ಬಾಲವನ' ಇಂದಿಗೂ ಅವರ ಸ್ಮಾರಕವಾಗಿ ಉಳಿದಿದೆ. ಪದವಿಯಿಲ್ಲದ ಈ ಮನುಷ್ಯ ಓದಿ ತಿಳಿಯದ ವಿಷಯವೇ ಇರಲಿಲ್ಲವೇನೋ ಎನ್ನುವಂತೆ ಓದಿದರು. ಮಕ್ಕಳಿಗಾಗಿ 1936ರಲ್ಲಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳು, 1959ರಿಂದ 1964ರವರೆಗೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು, ಇವೆಲ್ಲ ಒಬ್ಬರೇ ಕುಳಿತು ಬರೆದ ವಿಶ್ವಕೋಶಗಳು. ಅಮೆರಿಕದ ವಿಜ್ಞಾನಿ ರೇಚೆಲ್ ಕಾರ್ಸನ್ ಸಮುದ್ರವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವನ್ನು 'ನಮ್ಮ ಸುತ್ತಲಿನ ಕಡಲು' ಎಂದು ಕನ್ನಡಕ್ಕೆ ತಂದವರೂ ಅವರೇ. ಅವರು ಪುಸ್ತಕದಲ್ಲಿ ಓದಿದುದನ್ನು ಕಾಲ್ನಡಿಗೆಯಲ್ಲಿ ಪರೀಕ್ಷಿಸುವ ಸ್ವಭಾವದವರು. ಪುತ್ತೂರಿನಿಂದ ಪೂರ್ವಕ್ಕೆ ತಿರುಗಿದರೆ ಘಟ್ಟದ ಸಾಲು ಕಾಣುತ್ತದೆ. ಆ ದಿಕ್ಕಿನ ಅಲೆದಾಟದ ಫಲವಾಗಿ ಬಂದುದು 1943ರ 'ಬೆಟ್ಟದ ಜೀವ'.

ಕಾದಂಬರಿಯ ಕಥೆ ಬಹಳ ಸರಳ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ಒಬ್ಬ ಪ್ರವಾಸಿಗೆ ದಾರಿ ತಪ್ಪುತ್ತದೆ. ಕತ್ತಲಾಗುತ್ತಿರುವಾಗ ದೇರಣ್ಣ, ಬಟ್ಯ ಎಂಬ ಇಬ್ಬರು ಸಿಕ್ಕಿ ಅವನನ್ನು ಕೆಳಬೈಲಿನ ಒಂದು ಮನೆಗೆ ಕರೆದೊಯ್ಯುತ್ತಾರೆ. ಅದು ಗೋಪಾಲಯ್ಯನವರ ಮನೆ. ಗುರುತು ಪರಿಚಯವಿಲ್ಲದ ಅತಿಥಿಯನ್ನು ಮುದುಕ ಗೋಪಾಲಯ್ಯನವರೂ ಅವರ ಮಡದಿ ಶಂಕರಮ್ಮನವರೂ ತಮ್ಮ ಮನೆಯ ಹುಡುಗನೆಂಬಂತೆ ಆದರಿಸುತ್ತಾರೆ. ಮರುದಿನ ಹೊರಡಬೇಕೆಂದವನು ದಿನಗಟ್ಟಲೆ ಅಲ್ಲಿಯೇ ಉಳಿಯುತ್ತಾನೆ. ಓದುಗನೂ ಅವನೊಡನೆ ಉಳಿಯುತ್ತಾನೆ. ದಟ್ಟವಾದ ಕಾಡಿನ ನಡುವೆ ಗೋಪಾಲಯ್ಯನವರು ಅಡಿಕೆಯ ತೋಟ ಎಬ್ಬಿಸಿದ್ದಾರೆ. ಇನ್ನೂ ಮೇಲೆ ಕಾಟುಮೂಲೆಯೆಂಬಲ್ಲಿ ಇನ್ನೊಂದು ತೋಟ. ಅಲ್ಲಿ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿ ಇದ್ದಾರೆ. ಸಾಕಿ ಬೆಳೆಸಿದ ಈ ನಾರಾಯಣನೂ ಎಲ್ಲಿ ಬಿಟ್ಟುಹೋಗುತ್ತಾನೋ ಎಂಬುದು ಮುದುಕನ ಆತಂಕ. ಏಕೆಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗ ಶಂಭು ಮನೆಬಿಟ್ಟು ಹೋಗಿದ್ದಾನೆ, ಎಲ್ಲಿದ್ದಾನೆಂಬ ಸುದ್ದಿಯಿಲ್ಲ.

ಹುಲಿಯ ಬೇಟೆಯಂಥ ಪ್ರಸಂಗವೂ ಇದರಲ್ಲಿ ಇದೆಯೆನ್ನುವುದು ನಿಜ. ತರುಣ ಓದುಗರು ಅದನ್ನು ಮೊದಲು ನೆನೆಯುತ್ತಾರೆ. ಆದರೆ ಈ ಪುಸ್ತಕದ ಸೊಗಸು ಬೇಟೆಯಲ್ಲಿ ಇಲ್ಲ. ಗೋಪಾಲಯ್ಯನವರು ನಗುತ್ತಾರೆ, ಹಾಸ್ಯ ಮಾಡುತ್ತಾರೆ, ಬೆಟ್ಟ ಹತ್ತುವಾಗ ತರುಣನನ್ನು ಹಿಂದೆ ಹಾಕುತ್ತಾರೆ. ಆ ನಗುವಿನ ಅಡಿಯಲ್ಲಿ ಮಗನ ಕೊರಗು ಹರಿಯುತ್ತಿರುತ್ತದೆ. ಶಂಕರಮ್ಮನವರಿಗೆ ಆ ಕೊರಗನ್ನು ಮುಚ್ಚಿಡುವ ಶಕ್ತಿಯಿಲ್ಲ. ಸುತ್ತಲಿನ ಬೆಟ್ಟಕ್ಕೂ ಈ ದುಃಖಕ್ಕೂ ಏನು ಸಂಬಂಧವೆಂದು ಕಾರಂತರು ಎಲ್ಲಿಯೂ ಉಪನ್ಯಾಸ ಮಾಡುವುದಿಲ್ಲ. ಬೆಟ್ಟ ತನ್ನಷ್ಟಕ್ಕೆ ಇದೆ. ಅದು ಸಂತೈಸುವುದೂ ಇಲ್ಲ, ಹೆದರಿಸುವುದೂ ಇಲ್ಲ. ಹಳೆಯ ಕಾವ್ಯಗಳಲ್ಲಿ ನಾಯಕ ಅತ್ತರೆ ಬಳ್ಳಿಯೂ ಬಾಡುತ್ತದೆ. ಇಲ್ಲಿ ಮುದುಕರ ಎದೆ ಎಷ್ಟು ನೊಂದರೂ ತೋಡಿನ ನೀರು ಹರಿಯುತ್ತಲೇ ಇರುತ್ತದೆ, ತೋಟದ ಕೆಲಸ ಕಾಯುತ್ತಲೇ ಇರುತ್ತದೆ. ಕೆಲಸವೇ ಗೋಪಾಲಯ್ಯನವರ ಆಸರೆ. ಕನ್ನಡದ ಕಾದಂಬರಿಗಳಲ್ಲಿ ಪ್ರಕೃತಿ ಇಷ್ಟು ಅನಲಂಕೃತವಾಗಿ, ಇಷ್ಟು ಸತ್ಯವಾಗಿ ಬಂದುದು ವಿರಳ.

ಈ ಸತ್ಯದ ಪರೀಕ್ಷೆಯನ್ನು ಸುಳ್ಯದ ಓದುಗನಷ್ಟು ಚೆನ್ನಾಗಿ ಮಾಡಬಲ್ಲವರು ಬೇರೆಯಿಲ್ಲ. ಗುಡ್ಡದ ತೋಡಿಗೆ ಮಳೆಗಾಲ ಕಳೆದೊಡನೆ ಕಲ್ಲು, ಮಣ್ಣು, ಸೊಪ್ಪುಗಳಿಂದ 'ಕಟ್ಟ' ಕಟ್ಟಿ ನೀರನ್ನು ತೋಟಕ್ಕೆ ತಿರುಗಿಸುವುದನ್ನು ಅವನು ಬಲ್ಲ. ತಗ್ಗಿನ ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುವುದೆಂದು ಸಾಲುಗಳ ನಡುವೆ ಆಳವಾದ ಕಣಿ ತೋಡುವುದನ್ನು ಬಲ್ಲ. ಮಳೆ ಎಡೆಬಿಡದೆ ಹಿಡಿದರೆ ಕೊಳೆರೋಗ ತಗಲಿ ಎಳೆಯ ಅಡಿಕೆ ಉದುರಿಹೋಗುವುದನ್ನು ಬಲ್ಲ. ತೋಟದ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಕಾಡಿನಿಂದ ಸೊಪ್ಪು ಸೌದೆ ತರುವ ಹಕ್ಕು ಈ ಜಿಲ್ಲೆಯ ಕೃಷಿಕರಿಗೆ ಬ್ರಿಟಿಷರ ಕಾಲದಿಂದ ಬಂದುದು. ಅದಕ್ಕೆ ಕುಮ್ಕಿ ಎಂದು ಹೆಸರು. ಇದನ್ನು ತಿಳಿದವನಿಗೆ ಗೋಪಾಲಯ್ಯನವರ ತೋಟ ಕಾಡನ್ನು ನುಂಗಿದ ತೋಟವಾಗಿ ಮಾತ್ರ ಕಾಣುವುದಿಲ್ಲ. ಕಾಡಿನ ಸೊಪ್ಪಿಲ್ಲದೆ ಕಂಗಿಗೆ ಗೊಬ್ಬರವಿಲ್ಲ, ಕಾಡಿನ ತೇವವಿಲ್ಲದೆ ತೋಡಿಗೆ ನೀರಿಲ್ಲ. ತೋಟ ಬದುಕಬೇಕಾದರೆ ಸುತ್ತಲೂ ಕಾಡು ಇರಲೇಬೇಕು. ದೂರದ ನಗರದಲ್ಲಿ ಕುಳಿತು ಓದುವವನಿಗೆ ಇದು ಅಡಿಟಿಪ್ಪಣಿಯಲ್ಲಿ ತಿಳಿಯಬೇಕಾದ ಸಂಗತಿ. ಇಲ್ಲಿಯವನಿಗೆ ಅನ್ನದ ಸಂಗತಿ.

ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ದಾಟಿಹೋಗುವುದು ಓದುಗನಿಗೆ ತಕ್ಕುದಲ್ಲ. ಗೋಪಾಲಯ್ಯನವರ ಕೈಯಲ್ಲಿ ಕೊಡಲಿ ಇದೆ. ಕಾಡನ್ನು ಕಡಿದು ತೋಟ ಮಾಡಿದ ಸಾಹಸಿ ಎಂಬ ಹೆಮ್ಮೆ ಅವರಿಗಿದೆ, ಅದನ್ನು ಬರೆದವರಿಗೂ ಇದೆ. 1943ರ ಓದುಗನು ಆ ಹೆಮ್ಮೆಯಲ್ಲಿ ಪಾಲುಗೊಂಡಿರಬಹುದು. ಇಂದಿನ ಓದುಗನು ಅದೇ ಪುಟದಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತಾನೆ. ಪಿ. ಶೇಷಾದ್ರಿಯವರು ಈ ಕಾದಂಬರಿಯನ್ನು ಚಲನಚಿತ್ರವನ್ನಾಗಿ ಮಾಡಿದಾಗ, 2010ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ದೊರೆತುದು ಪರಿಸರ ಸಂರಕ್ಷಣೆಯ ವಿಭಾಗದ ಪ್ರಶಸ್ತಿ. ಕಾಡು ಕಡಿದವನ ಕಥೆಗೆ ಕಾಡು ಉಳಿಸುವ ಪ್ರಶಸ್ತಿ! ಇದನ್ನು ವಿರೋಧಾಭಾಸವೆಂದು ನಗಬಹುದು. ನಕ್ಕ ಮೇಲೆ ಯೋಚಿಸಲೂಬಹುದು. ಬೆಟ್ಟದ ಒಂದೊಂದು ಕಲ್ಲಿನ ಗುರುತೂ ಇದ್ದ, ಅಲ್ಲಿಂದ ಎಲ್ಲಿಗೂ ಹೋಗಲೊಪ್ಪದ ಮನುಷ್ಯನ ಕೊಡಲಿಗೂ, ದೂರದಿಂದ ಬಂದು ಗುಡ್ಡವನ್ನೇ ಬಗೆದು ಹೋಗುವ ಯಂತ್ರಕ್ಕೂ ಅಂತರವಿದೆ. ಆದರೆ ಅಂತರವಿದೆ ಎಂದ ಮಾತ್ರಕ್ಕೆ ಕೊಡಲಿ ಕೊಡಲಿಯಲ್ಲದೆ ಹೋಗುವುದಿಲ್ಲ.

ಕಾರಂತರೇ ಈ ಪ್ರಶ್ನೆಯನ್ನು ಬಿಟ್ಟವರಲ್ಲ. 1951ರಲ್ಲಿ ಅವರು 'ಕುಡಿಯರ ಕೂಸು' ಬರೆದರು. ಅಡಿಕೆಯ ಕೃಷಿಕರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಘಟ್ಟದ ಕಾಡುಗಳಲ್ಲಿ ಬಾಳಿದ ಮಲೆಕುಡಿಯರ ಬದುಕು ಅದರಲ್ಲಿದೆ. 'ಬೆಟ್ಟದ ಜೀವ'ವನ್ನು ಓದಿ ಇದನ್ನು ಓದದಿದ್ದವನಿಗೆ ಬೆಟ್ಟದ ಒಂದು ಮಗ್ಗುಲು ಮಾತ್ರ ಕಂಡಂತಾಗುತ್ತದೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕಾರಂತರು ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಾಗುವುದನ್ನು ವಿರೋಧಿಸಿ ಹೋರಾಡಿದರು. 1989ರಲ್ಲಿ ಪರಿಸರದ ಹೆಸರಿನಲ್ಲಿಯೇ ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೂ ನಿಂತು ಸೋತರು. 1997ರಲ್ಲಿ ತೀರಿಕೊಳ್ಳುವವರೆಗೂ ಅವರ ನಿಲುವು ಸಡಿಲಲಿಲ್ಲ. ತೋಟ ಎಬ್ಬಿಸಿದ ಸಾಹಸವನ್ನು ಮೆಚ್ಚಿದ ಲೇಖನಿ ಮತ್ತು ಸ್ಥಾವರವನ್ನು ತಡೆಯಲು ಹೊರಟ ಲೇಖನಿ ಒಂದೇ. ಇವೆರಡರ ನಡುವೆ ಸುಮಾರು ಅರ್ಧ ಶತಮಾನದ ನೋಟವಿದೆ. ಒಬ್ಬ ಲೇಖಕನನ್ನು ಪ್ರೀತಿಸುವವನು ಅವನ ಒಂದೇ ಪುಸ್ತಕದಲ್ಲಿ ನಿಂತುಬಿಡದಿರುವುದು ಇದಕ್ಕಾಗಿ.

ಈ ನಡುವೆ ಬೆಟ್ಟವೂ ಸುಮ್ಮನಿರಲಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜ ಮೊದಲಾದ ಗ್ರಾಮಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಹಲವು ದಶಕಗಳಿಂದ ಕಾಡುತ್ತಿದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ ರೋಗವಿದು. ಸೋಗೆಯ ತುದಿಯಿಂದ ಹಳದಿ ಬಣ್ಣ ಒಳಕ್ಕೆ ಹರಡುತ್ತದೆ, ಕಾಯಿ ಕಡಿಮೆಯಾಗುತ್ತದೆ, ತಿರುಳು ಮೆತುವಾಗಿ ಕಪ್ಪಾಗುತ್ತದೆ. ಮರ ಒಮ್ಮೆಲೇ ಸಾಯುವುದಿಲ್ಲ. ಸಾಲ ತೀರಿಸಲಾರದ ಮನೆಯ ಯಜಮಾನನಂತೆ ವರ್ಷ ವರ್ಷಕ್ಕೂ ಕುಗ್ಗುತ್ತ ನಿಲ್ಲುತ್ತದೆ. ಇದನ್ನು ಗುಣಪಡಿಸುವ ಔಷಧ ಇದುವರೆಗೆ ದೊರೆತಿಲ್ಲ. ಕೆಲವರು ತೋಟವನ್ನು ಕಡಿದು ರಬ್ಬರಿಟ್ಟರು. ಕೆಲವರು ಮಕ್ಕಳನ್ನು ದೂರದ ಊರುಗಳಿಗೆ ಕೆಲಸಕ್ಕೆ ಕಳುಹಿಸಿದರು. 2018ರ ಆಗಸ್ಟ್ ತಿಂಗಳಿನಲ್ಲಿ ಸಂಪಾಜೆ ಘಟ್ಟದ ಜೋಡುಪಾಲದ ಬಳಿ ಗುಡ್ಡ ಕುಸಿದು ಮನೆಗಳು ಮಣ್ಣುಪಾಲಾದುವು. ಮಡಿಕೇರಿಯ ಹೆದ್ದಾರಿ ಮುಚ್ಚಿಹೋಯಿತು. ಹಳದಿಯಾದ ತೋಟದ ನಡುವಿನ ಮನೆಯಲ್ಲಿ, ಮಗ ಬೆಂಗಳೂರಿನಲ್ಲಿರುವ ತಂದೆತಾಯಿಗಳು ಇಂದು 'ಬೆಟ್ಟದ ಜೀವ'ವನ್ನು ಓದಿದರೆ ಅವರು ಓದುವುದು 1943ರ ಪುಸ್ತಕವನ್ನಲ್ಲ. ಅಕ್ಷರಗಳು ಅವೇ. ಆದರೆ ಶಂಭು ಹೋದ ದಾರಿ ಅವರಿಗೆ ಬಸ್ಸಿನ ವೇಳೆಯ ಸಹಿತ ಗೊತ್ತಿದೆ.

ಕಾಡನ್ನು ಕುರಿತು ಕನ್ನಡದಲ್ಲಿ ಬರೆದವರು ಕಾರಂತರೊಬ್ಬರೇ ಅಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದರ ಸಹ್ಯಾದ್ರಿಗೆ ಒಂದು ಪ್ರತ್ಯೇಕ ಪಾಠವೇ ಬೇಕು. ಸಸ್ಯವಿಜ್ಞಾನಿಯಾಗಿದ್ದ ಡಾ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' 1976ರಲ್ಲಿ ಪ್ರಕಟವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವ ಅದರಲ್ಲಿದೆ. ಗಿಡವೊಂದನ್ನು ತೋರಿಸಿ ಅದರ ಎಲೆ, ಹೂವು, ಕಾಯಿಗಳ ಲಕ್ಷಣ ಹೇಳುತ್ತಾರೆ. ಹೇಳುತ್ತಿದ್ದಂತೆಯೇ ಹಳೆಯ ಕಾವ್ಯಕ್ಕೆ ಜಿಗಿಯುತ್ತಾರೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ವಿದ್ಯಾರ್ಥಿಗಳ ಪೇಚಾಟಕ್ಕೆ. ಚಿತ್ರಗಳನ್ನೂ ತಾವೇ ಬರೆದಿದ್ದಾರೆ. ಕಾವ್ಯದಲ್ಲಿ ಬರುವ ಹೂವಿನ ಹೆಸರನ್ನು 'ಒಂದು ಬಗೆಯ ಹೂವು' ಎಂದು ನಿಘಂಟಿನಲ್ಲಿ ಅರ್ಥ ಹೇಳಿ ಕೈತೊಳೆದುಕೊಳ್ಳುವ ಪಂಡಿತರ ಅಭ್ಯಾಸಕ್ಕೆ ಈ ಪುಸ್ತಕಕ್ಕಿಂತ ಒಳ್ಳೆಯ ಮದ್ದಿಲ್ಲ.

ಈ ಅಭ್ಯಾಸ ಪಂಡಿತರಿಗೆ ಮಾತ್ರ ಮೀಸಲಲ್ಲ ಎಂಬುದನ್ನೂ ಹೇಳಬೇಕು. ಸುಳ್ಯದ ಶಾಲೆಗೆ ಗುಡ್ಡ ಇಳಿದು ಬರುವ ಬಾಲಕ ಬಾಲಕಿಯರಿಗೆ ದಾರಿಯ ಗಿಡಗಳ ಹೆಸರು ಅರೆಭಾಷೆಯಲ್ಲಿಯೋ ತುಳುವಿನಲ್ಲಿಯೋ ತಿಳಿದಿರುತ್ತದೆ. ಪುನರ್ಪುಳಿ ಯಾವುದು, ಹೆಬ್ಬಲಸು ಯಾವುದು, ಕುಂಟಲದ ಹಣ್ಣು ಯಾವ ತಿಂಗಳಲ್ಲಿ ನಾಲಗೆಯನ್ನು ನೇರಳೆಯಾಗಿಸುತ್ತದೆ ಎಂಬುದಕ್ಕೆ ಅವರಿಗೆ ಪುಸ್ತಕ ಬೇಡ. ಬೆಳಗಿನ ಜಾವ ತೋಡಿನ ಬದಿಯಿಂದ, ಶಾಲೆ ತಪ್ಪಿಸಿಕೊಂಡ ಹುಡುಗ ರಾಗ ಮರೆತು ಸಿಳ್ಳು ಹಾಕಿದಂತೆ ಕೇಳಿಬರುವ ದನಿ ಒಂದು ಹಕ್ಕಿಯದು ಎಂಬುದೂ ಗೊತ್ತು. ಮಲಬಾರಿನ ಸಿಳ್ಳಾರವೆಂದು ಅದಕ್ಕೆ ಪುಸ್ತಕದ ಹೆಸರು. ಕಡುನೀಲಿ ಮೈಯ ಈ ಹಕ್ಕಿ ಹೆಚ್ಚು ಹಾಡುವುದು ಮಳೆಗಾಲದಲ್ಲಿ. ಮನೆಮಾತಿನ ಹೆಸರು ಒಂದು ಕಡೆ, ಪಠ್ಯಪುಸ್ತಕದ ಹೆಸರು ಇನ್ನೊಂದು ಕಡೆ ಉಳಿದು, ಎರಡಕ್ಕೂ ಭೇಟಿಯೇ ಆಗದಿರುವುದು ಸಾಮಾನ್ಯ. ಗಿಲ್ಬರ್ಟ್ ವೈಟ್ ತನ್ನ ಹಳ್ಳಿಯಲ್ಲಿ ಮಾಡಿದ ಕೆಲಸವೆಂದರೆ ಈ ಭೇಟಿಯನ್ನು ಮಾಡಿಸಿದುದೇ. ಅದಕ್ಕೆ ಅವನಿಗೆ ಬೇಕಾದುದು ಒಂದು ದಿನಚರಿಯ ಪುಸ್ತಕ ಮತ್ತು ತಾಳ್ಮೆ.

ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮಾರ್ಗವಾಗಿ ಕುಮಾರಪರ್ವತವನ್ನು ಏರುವವನಿಗೆ ಪುಸ್ತಕಗಳು ಒಂದೊಂದಾಗಿ ನೆನಪಿಗೆ ಬರುತ್ತವೆ, ಒಂದೊಂದಾಗಿ ಬಿಟ್ಟೂಹೋಗುತ್ತವೆ. ಮೊದಲು ಬೃಹತ್ ಮರಗಳ ಕತ್ತಲೆ ಕಾಡು. ಅಲ್ಲಿ ನೆನಪಾಗುವುದು ಕಾರಂತರ ದಾರಿತಪ್ಪಿದ ಪ್ರವಾಸಿ. ಮರಗಳು ಮುಗಿದು ಹುಲ್ಲಿನ ನೆತ್ತಿ ತೆರೆದುಕೊಂಡಾಗ ಸಂಗಂ ಕವಿಗಳ ಕುರಿಂಜಿಯ ನೆಲ. ಶೇಷಪರ್ವತದ ಅಂಚಿಗೆ ಬರುವ ಹೊತ್ತಿಗೆ ಮೋಡ ಮುಸುಕಿ ಮುಂದಿನವನ ಬೆನ್ನೂ ಕಾಣದಂತಾಗುವುದುಂಟು. 1712 ಮೀಟರು ಎತ್ತರದ ಶಿಖರದಲ್ಲಿ ಗಾಳಿಯ ಸದ್ದೊಂದೇ. ಅಲ್ಲಿ ಯಾವ ಪುಸ್ತಕವೂ ನೆನಪಾಗದಿದ್ದರೆ ಓದು ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ಕೆಳಗಿಳಿದು ಮತ್ತೆ ಪುಸ್ತಕ ತೆರೆದಾಗ, ಆ ಗಾಳಿ ಯಾವ ಪುಟದಲ್ಲಿದೆ, ಯಾವ ಪುಟದಲ್ಲಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಮತ್ತು ಅವರ ಗುಂಪು ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದು ಬಂದ ಆ ಜೀವಿಗಾಗಿ ಅವರು ಪಡುವ ಪಾಡನ್ನು ಓದಿದ ನಗರದ ಓದುಗನು, ಹಾರುವ ಓತಿಯೆಂಬುದು ಬರಿಯ ಕಲ್ಪನೆಯೆಂದೇ ಬಗೆಯಬಹುದು. ಸುಳ್ಯದ ಓದುಗನು ಪುಸ್ತಕವನ್ನು ಮಡಚಿ ತೋಟಕ್ಕೆ ಇಳಿದರೆ ಸಾಕು. ಕಾದಂಬರಿಯ ಪ್ರಾಣಿಯ ಕಥೆ ಹೇಗಾದರೂ ಇರಲಿ, ಈ ಸೀಮೆಯ ಅಡಿಕೆ ತೋಟಗಳಲ್ಲಿ ಒಂದು ಜಾತಿಯ ಹಾರುವ ಓತಿ ಇಂದಿಗೂ ವಾಸವಾಗಿದೆ. ಕಾಂಡದ ಬೂದು ಬಣ್ಣಕ್ಕೆ ಮೈಯನ್ನು ಹೊಂದಿಸಿಕೊಂಡು ಕುಳಿತರೆ ಹತ್ತಡಿ ದೂರದಿಂದಲೂ ಕಾಣುವುದಿಲ್ಲ. ಗಂಡು ಕೊರಳ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಮಡಚಿದಾಗ ಮಾತ್ರ ಗುರುತು ಸಿಕ್ಕುತ್ತದೆ. ಕಾಂಡದ ಮೇಲೆ ಸಾಲುಗಟ್ಟಿದ ಇರುವೆಗಳನ್ನು ನೆಕ್ಕುತ್ತ ಮೇಲಕ್ಕೇರುತ್ತದೆ. ಪಕ್ಕೆಲುಬುಗಳಿಗೆ ಅಂಟಿದ ಚರ್ಮವನ್ನು ಕೊಡೆಯಂತೆ ಅಗಲಿಸಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಕಾಡನ್ನು ಕಡಿದು ನೆಟ್ಟ ಕಂಗಿನ ಸಾಲು ಅದಕ್ಕೆ ಕಾಡೇ ಆಗಿದೆ. ಹೆಣ್ಣು ಓತಿ ಮೊಟ್ಟೆಯಿಡುವ ಕಾಲದಲ್ಲಿ ನೆಲಕ್ಕೆ ಇಳಿಯುತ್ತದೆ. ಮಣ್ಣಿನಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆಗಳನ್ನಿಟ್ಟು, ಮುಚ್ಚಿ, ಮತ್ತೆ ಹತ್ತಿರದ ಮರವನ್ನು ಏರುತ್ತದೆ.